ಆನಂದ್‌ಗಿಂತ ಮೊದಲಿನ 27 ವರ್ಷ

1961ರಲ್ಲಿ ತಮಿಳುನಾಡಿನ ಮ್ಯಾನುಯಲ್ ಆರನ್ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಅದರ ಮೇಲೆ ಉಳಿದದ್ದು ಒಂದೇ ಮೆಟ್ಟಿಲು, ಗ್ರಾಂಡ್‌ಮಾಸ್ಟರ್ ಪದವಿ. ಆ ಒಂದು ಮೆಟ್ಟಿಲು ಹತ್ತಲು ದೇಶಕ್ಕೆ 27 ವರ್ಷ ಹಿಡಿಯಿತು. 1988ರಲ್ಲಿ ವಿಶ್ವನಾಥನ್ ಆನಂದ್ ಅದನ್ನು ಹತ್ತಿದಾಗ ಅವರಿಗೆ 18 ವರ್ಷ. ಆರನ್ ಮಾಸ್ಟರ್ ಆದ ಹೊತ್ತಿಗೆ ಅವರು ಹುಟ್ಟಿಯೇ ಇರಲಿಲ್ಲ. ನಡುವಿನ ಲೆಕ್ಕ ನೋಡಿದರೆ ಇನ್ನೂ ಬೇಸರವಾಗುತ್ತದೆ. ಎರಡನೆಯ ಇಂಟರ್‌ನ್ಯಾಷನಲ್ ಮಾಸ್ಟರ್ ವಿ. ರವಿಕುಮಾರ್ ಬರುವ ಹೊತ್ತಿಗೆ 1978. ಅಷ್ಟರಲ್ಲಿ ಏಷ್ಯಾದ ಮೊದಲ ಗ್ರಾಂಡ್‌ಮಾಸ್ಟರ್ ಎಂಬ ಹೆಸರನ್ನು ಫಿಲಿಪ್ಪೀನ್ಸ್‌ನ ಯುಜೆನಿಯೊ ಟೋರೆ ಕೊಂಡೊಯ್ದು ನಾಲ್ಕು ವರ್ಷವಾಗಿತ್ತು. ಚದುರಂಗ ನಮ್ಮ ನೆಲದಲ್ಲೇ ಹುಟ್ಟಿದ ಆಟ ಎಂದು ಶಾಲೆಯ ಪಾಠದಲ್ಲಿ ಓದಿಕೊಂಡು ಬೆಳೆದ ನಮಗೆ ಈ 27 ವರ್ಷ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ. ಆನಂದ್ ಬಂದ ಮೇಲೆ ಅವರನ್ನು ಒಬ್ಬ ಅದ್ಭುತ ಬಾಲಕ ಎಂದು ಕರೆದು ಸುಮ್ಮನಾದೆವು. ಅದ್ಭುತ ಎಂದುಬಿಟ್ಟರೆ ಕಾರಣ ಹುಡುಕುವ ಕೆಲಸ ತಪ್ಪುತ್ತದಲ್ಲ! ಆದರೆ ಆ ಪದವಿಯ ಹಿಂದಿನ ದಾಖಲೆಗಳನ್ನು ಒಂದೊಂದಾಗಿ ಜೋಡಿಸಿದರೆ ಬೇರೆಯೇ ಕಥೆ ಕಾಣುತ್ತದೆ. ಗ್ರಾಂಡ್‌ಮಾಸ್ಟರ್ ಬೆಳೆಯುವುದು ಒಂದು ಊರಿನ ಏರ್ಪಾಟಿನಲ್ಲಿ. ಸಂಜೆ ಬಾಗಿಲು ತೆರೆದಿರುವ ಕ್ಲಬ್ಬು, ಕೈಗೆಟಕುವ ಪುಸ್ತಕ, ತಂಡಕ್ಕೆ ರೈಲು ಖರ್ಚು ಕೊಡುವವರು, ಹೊರದೇಶದ ಆಟಗಾರರನ್ನು ಊರಿಗೆ ಕರೆಸುವ ಟೂರ್ನಿ, ಇವಿಷ್ಟೂ ಒಂದೇ ಕಡೆ ಕೂಡಿಬಂದದ್ದು 1970–80ರ ದಶಕದ ಮದ್ರಾಸು ಪ್ರಾಂತದಲ್ಲಿ. 27 ವರ್ಷ ಹಿಡಿದದ್ದು ಅದು ಕೂಡಿಬರುವುದಕ್ಕೆ.

ಮೊದಲು ಪರಂಪರೆಯ ಮಾತನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ನಮ್ಮ ಪಾಲೂ ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಚದುರಂಗವೂ ಇದೆ. ಏಳುನೂರು ವರ್ಷ ದಾಟಿ ಮೈಸೂರಿಗೆ ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಗುತ್ತಾರೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. ರಾಜ್ಯದ ಕಡತಗಳಿಲ್ಲದ ಆ ದೊರೆ 1868ರಲ್ಲಿ ತೀರಿಕೊಳ್ಳುವವರೆಗೆ ಸಾಹಿತ್ಯ, ಚಿತ್ರ, ಮಣೆಯಾಟಗಳಲ್ಲಿ ಮುಳುಗಿದರು. ಮಣೆಯ 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಟ್ಟು ಕುದುರೆ ಇಡೀ ಮಣೆ ಸುತ್ತಿ ಬರುವ ದಾರಿಗಳನ್ನು ಅವರು ಕಟ್ಟಿದರು. ಆ ಕುದುರೆ ನಡೆಗಳನ್ನು ಪಾಶ್ಚಾತ್ಯ ಚದುರಂಗ ಇತಿಹಾಸಕಾರರೂ ಆಸ್ಥೆಯಿಂದ ನೋಡಿದ್ದಾರೆ. ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಅದು ಯಾವ ಬಗೆಯ ವಿದ್ಯೆ ಎಂದು ಕೇಳಿಕೊಳ್ಳಬೇಕು. ಕುದುರೆ ನಡೆಯಲ್ಲಿ ಎದುರಾಳಿ ಇಲ್ಲ, ಗಡಿಯಾರ ಇಲ್ಲ, ಸೋಲು ಇಲ್ಲ. ಒಗಟು ಬಿಡಿಸುವ ಬುದ್ಧಿಗೆ ಅಲ್ಲಿ ಬೆಲೆ. ಅರಮನೆಯ ಒಳಗೆ ಹುಟ್ಟಿ ಅಲ್ಲೇ ಉಳಿದ ಆ ವಿದ್ಯೆಗೆ ಊರಿನ ಹುಡುಗರು ಕೂತು ಆಡುವ ಜಗುಲಿಯ ಸಂಪರ್ಕ ಇರಲಿಲ್ಲ.

ಜಗುಲಿಯ ಮೇಲೆ ಆಟ ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಅದರ ನಿಯಮ ಬೇರೆ. ನಮ್ಮ ನಾಡಿನ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜನನ್ನು ಆನೆಯ ಮರೆಗೆ ಸೇರಿಸುವ ಯುರೋಪಿನ ‘ಕ್ಯಾಸ್ಲಿಂಗ್’ ಇಲ್ಲ. ಅದರ ಬದಲು ರಾಜ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯಬಹುದು. ಕೊನೆಯ ಮನೆ ಮುಟ್ಟಿದ ಕಾಲಾಳು ಬೇಕಾದ ಕಾಯಿ ಆಗುವಂತಿಲ್ಲ, ಯಾವ ಕಾಯಿಯ ಸಾಲಿನಲ್ಲಿ ಮುಟ್ಟಿತೋ ಅದೇ ಆಗಬೇಕು. ಪ್ರಾಂತದಿಂದ ಪ್ರಾಂತಕ್ಕೆ ಇವುಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ. ಪರಿಣಾಮವಾಗಿ ಆಟ ನಿಧಾನಕ್ಕೆ ಏಳುತ್ತಿತ್ತು, ಎರಡೂ ಕಡೆಯ ಕಾಲಾಳುಗಳು ಹತ್ತಿರ ಬರುವಷ್ಟರಲ್ಲಿ ಯುರೋಪಿನ ಆಟ ಅರ್ಧ ಮುಗಿದಿರುತ್ತಿತ್ತು. ಯುರೋಪಿನವರು ನೂರಾರು ವರ್ಷಗಳಿಂದ ಬರೆದಿಟ್ಟ ಆರಂಭದ ನಡೆಗಳ ಶಾಸ್ತ್ರ ಈ ನಿಯಮದಡಿ ಕೆಲಸಕ್ಕೆ ಬಾರದು. ಅಖಿಲ ಭಾರತ ಚೆಸ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ, ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಆಂಧ್ರದ ಏಲೂರಿನಲ್ಲಿ. ಅಂದರೆ ಸ್ಪರ್ಧೆಯ ಚೆಸ್ಸಿನ ಮಟ್ಟಿಗೆ ಹುಟ್ಟೂರಿನವರಾದ ನಾವು ಹೊಸಬರು. ಅಜ್ಜನ ಆಸ್ತಿ ಇದ್ದದ್ದು ನಿಜ. ಆದರೆ ಅದರ ನಾಣ್ಯ ಪೇಟೆಯಲ್ಲಿ ಚಲಾವಣೆ ಕಳೆದುಕೊಂಡಿತ್ತು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದರ ಹೆಸರು ಮೀರ್ ಸುಲ್ತಾನ್ ಖಾನ್. ಅವಿಭಜಿತ ಪಂಜಾಬಿನ ಹಳ್ಳಿಯಲ್ಲಿ ನಾಡ ಚದುರಂಗ ಆಡಿ ಬೆಳೆದವನು. ಜಮೀನ್ದಾರ ಸರ್ ಉಮರ್ ಹಯಾತ್ ಖಾನನ ಪರಿವಾರದಲ್ಲಿದ್ದ. ಯುರೋಪಿನ ನಿಯಮ ಕಲಿತು ಕೆಲವೇ ವರ್ಷಗಳಲ್ಲಿ, ಯಜಮಾನನ ಜೊತೆ ಇಂಗ್ಲೆಂಡಿಗೆ ಹೋಗಿ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. 1932 ಮತ್ತು 1933ರಲ್ಲಿ ಮತ್ತೆ ಗೆದ್ದ. 1930ರ ಕೊನೆಯಲ್ಲಿ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನೇ ಸೋಲಿಸಿದ. ಇಷ್ಟೆಲ್ಲ ಆಗಿರುವಾಗ ಕ್ಲಬ್ಬು, ಟೂರ್ನಿ, ಏರ್ಪಾಟು ಎಂಬ ಮಾತೇಕೆ, ಪ್ರತಿಭೆಯೊಂದಿದ್ದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸುಲ್ತಾನ್ ಖಾನನ ಪ್ರತಿಭೆಯನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ, ನನಗೆ ಆ ಉದ್ದೇಶವೂ ಇಲ್ಲ. ಆದರೆ ಅವನ ಕಥೆಯ ಕೊನೆಯ ಭಾಗವನ್ನು ನಾವು ಓದದೆ ಬಿಡುತ್ತೇವೆ. 1933ರ ಕೊನೆಗೆ ಯಜಮಾನ ಊರಿಗೆ ಮರಳಿದ, ಜೊತೆಗೆ ಸುಲ್ತಾನ್ ಖಾನನೂ ಮರಳಿದ, ಅಲ್ಲಿಗೆ ಅವನ ಅಂತಾರಾಷ್ಟ್ರೀಯ ಚೆಸ್ ಮುಗಿಯಿತು. ಅವನು ಬದುಕಿದ್ದು 1966ರವರೆಗೆ. ಮೂವತ್ತೆರಡು ವರ್ಷ ಅವನ ಕೈ ಖಾಲಿ ಇತ್ತು. ಐದು ವರ್ಷ ಆಡಲು ಬೇಕಾದ ಏರ್ಪಾಟು ಒಬ್ಬ ಶ್ರೀಮಂತನ ಖಯಾಲಿಯಿಂದ ಸಿಕ್ಕಿತ್ತು, ಖಯಾಲಿ ತೀರಿದಾಗ ಏರ್ಪಾಟೂ ತೀರಿತು. 1950ರಲ್ಲಿ ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 27 ಮಂದಿಗೆ ಮೊದಲ ಬಾರಿ ಗ್ರಾಂಡ್‌ಮಾಸ್ಟರ್ ಪದವಿ ಹಂಚಿದಾಗ ಅವನ ನೆನಪು ಯಾರಿಗೂ ಆಗಲಿಲ್ಲ. ಗೌರವ ಪದವಿ ಬಂದದ್ದು 2024ರಲ್ಲಿ, ಅವನು ತೀರಿಕೊಂಡು 58 ವರ್ಷದ ಮೇಲೆ, ಅದೂ ಪಾಕಿಸ್ತಾನದ ಲೆಕ್ಕಕ್ಕೆ.

ಆರನ್ ವಿಷಯದಲ್ಲಿ ಯಜಮಾನ ಇರಲಿಲ್ಲ, ಬ್ಯಾಂಕಿನ ನೌಕರಿ ಇತ್ತು. ಬರ್ಮಾದಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ ಅವರು 1959ರಿಂದ 1981ರ ನಡುವೆ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್‌ನಲ್ಲಿ, ಅಂದರೆ ವಿಶ್ವ ಪಟ್ಟದ ದಾರಿಯಲ್ಲಿರುವ ಟೂರ್ನಿಯಲ್ಲಿ, ಅವರು ಕೊನೆಯ ಸ್ಥಾನ ಪಡೆದರು. ಆದರೆ ಅದೇ ಟೂರ್ನಿಯಲ್ಲಿ ಹಂಗೆರಿಯ ಪೋರ್ಟಿಷ್ ಮತ್ತು ಪೂರ್ವ ಜರ್ಮನಿಯ ಉಹ್ಲ್‌ಮನ್ ಅವರನ್ನು ಸೋಲಿಸಿದರು. ಇಬ್ಬರೂ ಆ ಕಾಲದ ಅಗ್ರ ಶ್ರೇಣಿಯ ಗ್ರಾಂಡ್‌ಮಾಸ್ಟರ್‌ಗಳು. ಒಂದು ದಿನ ಅವರನ್ನು ಸೋಲಿಸಬಲ್ಲ ಕಸುವು ಇದ್ದವರಿಗೆ ಇಪ್ಪತ್ತು ಸುತ್ತು ಅಂಥವರೊಡನೆ ಆಡಿದ ಅಭ್ಯಾಸ ಇರಲಿಲ್ಲ ಎನ್ನುವುದು ಆ ಫಲಿತಾಂಶದ ನೇರ ಅರ್ಥ. ಊರಿಗೆ ಬಂದ ಮೇಲೆ ಆಡಲು ಯಾರಿದ್ದರು? ದೇಶದಲ್ಲಿ ಇನ್ನೊಬ್ಬ ಮಾಸ್ಟರ್ ಹುಟ್ಟಲು ಅವರು 17 ವರ್ಷ ಕಾಯಬೇಕಾಯಿತು.

ಪದವಿ ಸಿಗುವ ಬಗೆಯನ್ನು ತಿಳಿದರೆ ಈ ಒಂಟಿತನದ ಬೆಲೆ ಗೊತ್ತಾಗುತ್ತದೆ. ಗ್ರಾಂಡ್‌ಮಾಸ್ಟರ್ ಪದವಿ ಪರೀಕ್ಷೆ ಬರೆದು ಪಾಸಾಗುವಂಥದ್ದಲ್ಲ, ದೇಶದ ಫೆಡರೇಷನ್ ಕೊಡುವಂಥದ್ದೂ ಅಲ್ಲ. ಈಗಿನ ನಿಯಮದಂತೆ ಆಟಗಾರನ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು, ಜೊತೆಗೆ ಸಾಮಾನ್ಯವಾಗಿ ಮೂರು ‘ನಾರ್ಮ್’ ಬೇಕು, ಎಲ್ಲ ಸೇರಿ 27 ಆಟಗಳಾಗಬೇಕು. ನಾರ್ಮ್ ಎಂದರೆ ಒಂದು ಟೂರ್ನಿಯುದ್ದಕ್ಕೂ 2600 ರೇಟಿಂಗಿನವನ ಮಟ್ಟದಲ್ಲಿ ಆಡಿ ತೋರಿಸುವುದು. ಎದುರಾಳಿಗಳಲ್ಲಿ ಗ್ರಾಂಡ್‌ಮಾಸ್ಟರ್‌ಗಳೂ ಇರಬೇಕು, ಬೇರೆ ದೇಶದವರೂ ಇರಬೇಕು. ನಿಯಮದ ಅಂಕಿಗಳು ದಶಕದಿಂದ ದಶಕಕ್ಕೆ ಬದಲಾಗಿವೆ, ತಿರುಳು ಬದಲಾಗಿಲ್ಲ. ಗ್ರಾಂಡ್‌ಮಾಸ್ಟರ್ ಆಗಬೇಕಾದರೆ ಗ್ರಾಂಡ್‌ಮಾಸ್ಟರ್‌ಗಳೊಡನೆ ಆಡಬೇಕು. ರೇಟಿಂಗ್ ಬರಬೇಕಾದರೆ ರೇಟಿಂಗ್ ಇದ್ದವರೊಡನೆ ಆಡಬೇಕು. ಇಬ್ಬರೂ ಇಲ್ಲದ ದೇಶದಲ್ಲಿ ಹುಟ್ಟಿದವನು ಹೊರಗೆ ಹೋಗಬೇಕು, ಹೋಗಬೇಕಾದರೆ ವಿದೇಶಿ ವಿನಿಮಯ ಬೇಕು. 1960–70ರ ದಶಕದಲ್ಲಿ ಸರ್ಕಾರದ ಅನುಮತಿಯಿಲ್ಲದೆ ನಾಲ್ಕು ಡಾಲರ್ ಕೊಂಡೊಯ್ಯುವುದೂ ಕಷ್ಟವಿತ್ತು. ಒಲಿಂಪಿಯಾಡ್‌ಗೆ ತಂಡ ಕಳಿಸುವುದೇ ದೊಡ್ಡ ಮಾತಾಗಿದ್ದಾಗ ಒಬ್ಬ ಬ್ಯಾಂಕ್ ನೌಕರ ವರ್ಷಕ್ಕೆ ನಾಲ್ಕು ಸಲ ಯುರೋಪಿಗೆ ಹೋಗಿ ಬರುವುದು ಎಲ್ಲಿಂದ? ಹೊರಗೆ ಹೋಗಲಾಗದಿದ್ದರೆ ಹೊರಗಿನವರನ್ನು ಒಳಗೆ ಕರೆಸಬೇಕು. ಆ ಯೋಚನೆ ಬಲಿಯಲು 1980ರ ದಶಕ ಬರಬೇಕಾಯಿತು.

ಅದಕ್ಕೆ ಮುಂಚೆ ಇನ್ನೊಂದು ಕೆಲಸ ನಡೆಯಿತು, ಅದನ್ನು ಮಾಡಿದವರು ಆರನ್ ಅವರೇ. 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಅವರು ಒಂದು ಚೆಸ್ ಕ್ಲಬ್ ಶುರುಮಾಡಿದರು, ವಿಶ್ವ ಚಾಂಪಿಯನ್ ಆಗಿದ್ದ ಮಿಖಾಯಿಲ್ ತಾಲ್ ಹೆಸರಿನಲ್ಲಿ. ಸೋವಿಯತ್ ಒಕ್ಕೂಟಕ್ಕೆ ಚೆಸ್ ಒಂದು ರಾಜಕೀಯ ಪ್ರದರ್ಶನ. ಅದರ ಗೋಜು ಮದ್ರಾಸಿನ ಹುಡುಗರಿಗೆ ಬೇಕಿರಲಿಲ್ಲ, ಅವರಿಗೆ ಸಿಕ್ಕಿದ್ದು ಮಣೆ, ಗಡಿಯಾರ, ಸೋವಿಯತ್ ಪುಸ್ತಕ ಮತ್ತು ಕೂರಲು ಜಾಗ. ಅಲ್ಲಿನ ಆಟದ ಪದ್ಧತಿಯನ್ನು ಆನಂದ್ ಹಲವು ಸಲ ನೆನಪಿಸಿಕೊಂಡಿದ್ದಾರೆ. ಒಬ್ಬೊಬ್ಬರಿಗೆ ಐದೈದು ನಿಮಿಷದ ಮಿಂಚಿನ ಆಟ. ಸೋತವನು ಎದ್ದು ಸಾಲಿನ ಹಿಂದಕ್ಕೆ ಹೋಗಬೇಕು, ಗೆದ್ದವನು ಕೂತ ಜಾಗ ಬಿಡಬೇಕಾಗಿಲ್ಲ. ಸಾಲು ಉದ್ದವಿದ್ದರೆ ಒಂದು ಸೋಲಿಗೆ ಎಷ್ಟೋ ಹೊತ್ತು ಬರೀ ನೋಡುತ್ತ ನಿಲ್ಲುವ ಶಿಕ್ಷೆ. ಹತ್ತು ವರ್ಷ ದಾಟಿದ ಹುಡುಗನೊಬ್ಬ ಆಡುತ್ತಲೇ ಇರಬೇಕಾದರೆ ಬೇಗ ಯೋಚಿಸಿ ಬೇಗ ಗೆಲ್ಲುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಮುಂದೆ ಗ್ರಾಂಡ್‌ಮಾಸ್ಟರ್‌ಗಳು ಎರಡು ಗಂಟೆ ತಲೆ ಕೆಡಿಸಿಕೊಳ್ಳುವ ಆಟಗಳಿಗೆ ಆನಂದ್ ಅರ್ಧ ಗಂಟೆಯೂ ತೆಗೆದುಕೊಳ್ಳದೆ ಮುಗಿಸುತ್ತಿದ್ದಾಗ ಪತ್ರಿಕೆಗಳು ಅದನ್ನು ಹುಟ್ಟುಗುಣ ಎಂದು ಬರೆದವು. ಹುಟ್ಟುಗುಣ ಸ್ವಲ್ಪ ಇದ್ದೀತು. ಉಳಿದದ್ದು ತಾಲ್ ಕ್ಲಬ್ಬಿನ ಸಾಲಿನಲ್ಲಿ ಕಲಿತದ್ದು ಎಂದು ನನ್ನ ಅನಿಸಿಕೆ.

ಮನೆಯ ಪಾಲನ್ನೂ ಹೇಳಬೇಕು. 1969ರ ಡಿಸೆಂಬರ್ 11ರಂದು ಮಯಿಲಾಡುತುರೈಯಲ್ಲಿ ಹುಟ್ಟಿದ ಹುಡುಗನಿಗೆ ಆರನೆಯ ವಯಸ್ಸಿನಲ್ಲಿ ಆಟ ಕಲಿಸಿದವರು ತಾಯಿ ಸುಶೀಲಾ. ತಂದೆ ವಿಶ್ವನಾಥನ್ ರೈಲ್ವೆ ಅಧಿಕಾರಿ. ಕೆಲಸದ ಮೇಲೆ ಅವರು ಫಿಲಿಪ್ಪೀನ್ಸ್‌ಗೆ ಹೋದಾಗ 1970ರ ದಶಕದ ಕೊನೆಯಲ್ಲಿ ಕುಟುಂಬ ಮನಿಲಾದಲ್ಲಿತ್ತು. ಟೋರೆಯ ದೇಶ ಅದು, 1978ರಲ್ಲಿ ಕಾರ್ಪೋವ್–ಕೋರ್ಚ್‌ನಾಯ್ ವಿಶ್ವ ಪಟ್ಟದ ಪಂದ್ಯ ಬಗಿಯೊ ನಗರದಲ್ಲಿ ನಡೆದದ್ದೂ ಅಲ್ಲೇ. ಟೀವಿಯಲ್ಲಿ ಮಧ್ಯಾಹ್ನ ಚೆಸ್ ಕಾರ್ಯಕ್ರಮ ಬರುತ್ತಿತ್ತು. ಹುಡುಗ ಶಾಲೆಯಲ್ಲಿರುವ ಹೊತ್ತು, ಆದ್ದರಿಂದ ತಾಯಿ ಅದನ್ನು ನೋಡಿ ಆಟಗಳನ್ನೂ ಕೊನೆಯ ಒಗಟನ್ನೂ ಬರೆದಿಡುತ್ತಿದ್ದರು. ಸಂಜೆ ಇಬ್ಬರೂ ಕೂತು ಬಿಡಿಸಿ ಉತ್ತರ ಕಳಿಸುತ್ತಿದ್ದರು. ಬಹುಮಾನ ಒಂದು ಪುಸ್ತಕ. ಎಷ್ಟು ಸಲ ಗೆದ್ದರೆಂದರೆ, ಬೇಕಾದಷ್ಟು ಪುಸ್ತಕ ತೆಗೆದುಕೊಂಡು ಹೋಗು, ಇನ್ನು ಉತ್ತರ ಕಳಿಸಬೇಡ ಎಂದು ಕಾರ್ಯಕ್ರಮದವರೇ ಕೈಮುಗಿದರಂತೆ. ತಾಯಿಯ ಈ ಶ್ರದ್ಧೆ ಭಾರತದ ಸಾವಿರ ಮನೆಗಳಲ್ಲಿ ಇದ್ದಿರಬಹುದು. ಚೆಸ್ಸಿಗೆಂದು ಟೀವಿಯಲ್ಲಿ ದಿನಾ ಸಮಯ ಕೊಡುವ ದೇಶದಲ್ಲಿ ಅದಕ್ಕೆ ಫಲ ಬಂತು.

ಮದ್ರಾಸಿಗೆ ಮರಳಿದ ಮೇಲಿನ ಏಣಿಯಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿವೆ. 1983ರಲ್ಲಿ ರಾಷ್ಟ್ರೀಯ ಸಬ್‌ಜೂನಿಯರ್‌ನಲ್ಲಿ 9ಕ್ಕೆ 9 ಅಂಕ. 15ನೇ ವಯಸ್ಸಿಗೆ ಇಂಟರ್‌ನ್ಯಾಷನಲ್ ಮಾಸ್ಟರ್. 16ಕ್ಕೆ ರಾಷ್ಟ್ರೀಯ ಚಾಂಪಿಯನ್. 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, ಅದೂ ಅದೇ ಬಗಿಯೊದಲ್ಲಿ. ಈ ಮೆಟ್ಟಿಲುಗಳ ಕೆಳಗೆ ಹಣ ಹಾಕಿದವರನ್ನು ನೋಡಿದರೆ ಆಶ್ಚರ್ಯವಾಗುತ್ತದೆ. 1983ರಲ್ಲಿ ರಾಷ್ಟ್ರೀಯ ತಂಡ ಚಾಂಪಿಯನ್‌ಷಿಪ್‌ಗೆ ‘ಮದ್ರಾಸ್ ಕೋಲ್ಟ್ಸ್’ ಎಂಬ ಹುಡುಗರ ತಂಡ ಹೊರಟಾಗ ಖರ್ಚು ಕೊಟ್ಟವರು ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಕನ್ನಡದ ಕಿವಿಗಳಿಗೆ ಇಷ್ಟು ಹತ್ತಿರವಾಗಿದ್ದ ಎಸ್‌ಪಿಬಿ ಆನಂದ್ ಅವರ ಮೊದಲ ಪ್ರಾಯೋಜಕರೂ ಹೌದು ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದದ್ದು 2020ರಲ್ಲಿ ಅವರು ತೀರಿಕೊಂಡಾಗ, ಆನಂದ್ ಅದನ್ನು ನೆನೆದು ಬರೆದ ಮೇಲೆ. ಇನ್ನು ಗ್ರಾಂಡ್‌ಮಾಸ್ಟರ್ ಪದವಿ ತಂದುಕೊಟ್ಟ ಟೂರ್ನಿ. ಅದು ಮಾಸ್ಕೋದಲ್ಲೂ ಲಂಡನ್ನಿನಲ್ಲೂ ನಡೆದದ್ದಲ್ಲ, ಕೋಯಮತ್ತೂರಿನಲ್ಲಿ. ಹೆಸರು ಶಕ್ತಿ ಫೈನಾನ್ಸ್ ಅಂತಾರಾಷ್ಟ್ರೀಯ ಟೂರ್ನಿ. ಪೊಳ್ಳಾಚಿಯ ಉದ್ಯಮಿ ಎನ್. ಮಹಾಲಿಂಗಂ ಅವರ ಸಮೂಹಕ್ಕೆ ಸೇರಿದ, ಲಾರಿ ಬಸ್ಸುಗಳಿಗೆ ಸಾಲ ಕೊಡುವ ಕಂಪನಿ ಅದು. ಭಾರತದ ಮೊದಲ ಗ್ರಾಂಡ್‌ಮಾಸ್ಟರ್ ಪದವಿ ವಿಮಾನ ಹತ್ತದೆ, ಪಾಸ್‌ಪೋರ್ಟಿಗೆ ಮುದ್ರೆ ಬೀಳದೆ, ಮದ್ರಾಸಿನಿಂದ ಒಂದು ರಾತ್ರಿಯ ರೈಲಿನ ದೂರದಲ್ಲಿ ಪೂರ್ತಿಯಾಯಿತು. ಆರನ್ ಅವರ ಯೌವನದಲ್ಲಿ ಇಲ್ಲದೇ ಹೋದದ್ದು ಇಂಥ ಟೂರ್ನಿ.

ಹಾಗಾದರೆ ಕಲ್ಕತ್ತೆಯ ಕಥೆ ಏನು ಎಂದು ಬಲ್ಲವರು ಕೇಳಿಯಾರು. ದಿಬ್ಯೇಂದು ಬರುವಾ ಆನಂದ್‌ಗಿಂತ ಮೂರು ವರ್ಷ ದೊಡ್ಡವರು. 1982ರಲ್ಲಿ ಇನ್ನೂ ಹದಿಹರೆಯದಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಕೋರ್ಚ್‌ನಾಯ್ ಅವರನ್ನು ಸೋಲಿಸಿ ಸುದ್ದಿಯಾದರು. ಹಿಂದಿನ ವರ್ಷವಷ್ಟೇ ವಿಶ್ವ ಪಟ್ಟಕ್ಕೆ ಕಾರ್ಪೋವ್ ಎದುರು ಆಡಿದ್ದ ಆಟಗಾರ ಕೋರ್ಚ್‌ನಾಯ್. ಆದರೆ ಬರುವಾ ಗ್ರಾಂಡ್‌ಮಾಸ್ಟರ್ ಆದದ್ದು 1991ರಲ್ಲಿ, ಭಾರತದ ಎರಡನೆಯವರಾಗಿ. ಕಲ್ಕತ್ತೆಯಲ್ಲೂ ಸೋವಿಯತ್ ಕೇಂದ್ರವಿತ್ತು, ಗೋರ್ಕಿ ಸದನದಲ್ಲಿ ಅಲೆಖಿನ್ ಹೆಸರಿನ ಚೆಸ್ ಕ್ಲಬ್ಬೂ ಇತ್ತು. ಏರ್ಪಾಟೇ ಎಲ್ಲವೂ ಆಗಿದ್ದರೆ ಒಬ್ಬರು 18ಕ್ಕೆ, ಇನ್ನೊಬ್ಬರು 25ರ ಹತ್ತಿರ ಬಂದು ಪದವಿ ಮುಟ್ಟಿದ್ದೇಕೆ? ಇಲ್ಲಿ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಆನಂದ್ ಆಟಗಾರರಾಗಿ ಬರುವಾ ಅವರಿಗಿಂತ ಮೇಲಿನವರು, ಆ ಏಳು ವರ್ಷದ ಅಂತರದಲ್ಲಿ ಪ್ರತಿಭೆಯ ಪಾಲು ದೊಡ್ಡದು. ಆದರೆ 27 ವರ್ಷದ ಪ್ರಶ್ನೆಗೆ ಇದರಿಂದ ಉತ್ತರ ಸಿಗುವುದಿಲ್ಲ. ಕೋರ್ಚ್‌ನಾಯ್‌ನನ್ನು ಸೋಲಿಸಬಲ್ಲವನೂ ಒಂಬತ್ತು ವರ್ಷ ಪದವಿಗೆ ಕಾದ ಎಂದರೆ ದೇಶದಲ್ಲಿ ಆಟಕ್ಕಿಂತ ನಾರ್ಮಿನ ಬರ ಜೋರಾಗಿತ್ತು ಎಂದೇ ಅರ್ಥ. ಮೂರನೆಯವರಾದ ಮುಂಬೈಯ ಪ್ರವೀಣ್ ಠಿಪ್ಸೆ ಪದವಿ ಮುಟ್ಟುವ ಹೊತ್ತಿಗೆ 1997 ಆಗಿತ್ತು. ಮೊದಲ ಒಂಬತ್ತು ವರ್ಷದಲ್ಲಿ ಮೂವರು. ಆಮೇಲೆ ದೇಶದ ಒಳಗೆ ಅಂತಾರಾಷ್ಟ್ರೀಯ ಓಪನ್ ಟೂರ್ನಿಗಳು ಹೆಚ್ಚಿದಂತೆ ವರ್ಷಕ್ಕೆ ಮೂರು ನಾಲ್ಕು ಮಂದಿ ಬರತೊಡಗಿದರು, ಈಗ ಸಂಖ್ಯೆ 85 ದಾಟಿದೆ. ಪ್ರತಿಭೆ ಒಮ್ಮೆಗೇ ಇಷ್ಟು ಪಟ್ಟು ಹೆಚ್ಚಿತು ಎಂದು ವಾದಿಸುವವರು ಯಾರೂ ಇರಲಾರರು.

ಆನಂದ್ ಅವರ ಮುಂದಿನ ಬದುಕೇ ನನ್ನ ವಾದಕ್ಕೆ ಎದುರು ಸಾಕ್ಷಿ ಎನ್ನುವವರೂ ಇದ್ದಾರೆ. ಪದವಿ ಬಂದ ಮೇಲೆ ಅವರು ಊರಲ್ಲಿ ಉಳಿಯಲಿಲ್ಲ, ವರ್ಷಗಟ್ಟಲೆ ಸ್ಪೇನಿನ ಮ್ಯಾಡ್ರಿಡ್ ಬಳಿಯ ಕೊಲಾಡೊ ಮೆಡಿಯಾನೊದಲ್ಲಿ ಮನೆ ಮಾಡಿದ್ದರು. 1991ರಲ್ಲಿ ಮದ್ರಾಸಿನಲ್ಲೇ ನಡೆದ, ವಿಶ್ವ ಪಟ್ಟದ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯದಲ್ಲಿ ದ್ರೇಯೆವ್‌ರನ್ನು ಗೆದ್ದರೇನೋ ನಿಜ. ಆದರೆ 1994ರಲ್ಲಿ ಹೈದರಾಬಾದ್ ಪಕ್ಕದ ಸಂಘಿನಗರದಲ್ಲಿ, ತವರು ಪ್ರೇಕ್ಷಕರ ಮುಂದೆ, ಕಾಮ್‌ಸ್ಕಿ ಎದುರು ಸೋತರು. 2013ರಲ್ಲಿ ವಿಶ್ವ ಪಟ್ಟವನ್ನು ಕಾರ್ಲ್‌ಸನ್‌ಗೆ ಬಿಟ್ಟುಕೊಟ್ಟದ್ದೂ ಚೆನ್ನೈನಲ್ಲೇ. ದೊಡ್ಡ ಗೆಲುವುಗಳೆಲ್ಲ ಹೊರಗೆ: 2000ದಲ್ಲಿ ಟೆಹರಾನ್, 2007ರಲ್ಲಿ ಮೆಕ್ಸಿಕೊ ಸಿಟಿ, 2008ರಲ್ಲಿ ಬಾನ್, 2012ರಲ್ಲಿ ಮಾಸ್ಕೋ. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿ ಬೂದಿಯಿಂದ ವಿಮಾನಗಳು ನಿಂತಾಗ ಜರ್ಮನಿಯಿಂದ ಬಲ್ಗೇರಿಯಾದ ಸೋಫಿಯಾಗೆ ಸುಮಾರು 40 ಗಂಟೆ ರಸ್ತೆಯಲ್ಲಿ ಪ್ರಯಾಣ ಮಾಡಿ, ಮೊದಲ ಆಟ ಸೋತು, ಕೊನೆಯ ಆಟವನ್ನು ಕಪ್ಪು ಕಾಯಿಗಳಲ್ಲಿ ಗೆದ್ದು ಟೊಪಾಲೊವ್‌ರನ್ನು ಎದುರಾಳಿಯ ದೇಶದಲ್ಲೇ ಸೋಲಿಸಿದರು. ಇದನ್ನೆಲ್ಲ ಒಪ್ಪುತ್ತೇನೆ. ಏರ್ಪಾಟು ಎಂದು ನಾನು ಹೇಳುತ್ತಿರುವುದು ತವರಿನ ಚಪ್ಪಾಳೆಯನ್ನಲ್ಲ. ಚಪ್ಪಾಳೆಯಿಂದ ಭಾರವೇ ಹೆಚ್ಚು. ಗ್ರಾಂಡ್‌ಮಾಸ್ಟರ್ ಆಗುವವರೆಗೆ ಬೇಕಾದ ಸಾಮಗ್ರಿ ಮದ್ರಾಸಿನಲ್ಲಿತ್ತು, ಅಲ್ಲಿಂದ ವಿಶ್ವ ಚಾಂಪಿಯನ್ ಆಗುವವರೆಗೆ ಬೇಕಾದದ್ದು ಲಿನಾರೆಸ್, ವೈಕ್ ಆನ್ ಜೇ, ಡಾರ್ಟ್‌ಮುಂಡ್ ಟೂರ್ನಿಗಳಲ್ಲಿ, ಜರ್ಮನಿಯ ಲೀಗಿನಲ್ಲಿ ಇತ್ತು. ಆದ್ದರಿಂದ ಅವರು ಅಲ್ಲಿಗೆ ಹೋದರು. ಮದ್ರಾಸು ಕೊಟ್ಟದ್ದು 1988ರವರೆಗಿನ ದಾರಿಯನ್ನು, ಆದರೆ ಆ ದಾರಿಯಿಲ್ಲದೆ ಮುಂದಿನದಕ್ಕೆ ಆಮಂತ್ರಣವೇ ಬರುತ್ತಿರಲಿಲ್ಲ.

ಇಂಟರ್‌ನೆಟ್ ಬಂದ ಮೇಲೆ ಊರಿನ ಮಾತು ಹಳತಾಯಿತು ಎಂಬ ಆಕ್ಷೇಪ ಈಚಿನದು. ಹಳ್ಳಿಯ ಹುಡುಗಿ ಮೊಬೈಲಿನಲ್ಲೇ ನಾರ್ವೆಯವನೊಡನೆ ಆಡಬಹುದು, ಕಂಪ್ಯೂಟರ್ ಎಂಜಿನ್ ಯಾವ ಕೋಚ್‌ಗಿಂತಲೂ ಚುರುಕು. ಹಾಗಿದ್ದಲ್ಲಿ ಗ್ರಾಂಡ್‌ಮಾಸ್ಟರ್‌ಗಳು ದೇಶದ ಉದ್ದಗಲಕ್ಕೂ ಸಮನಾಗಿ ಮೊಳೆಯಬೇಕಿತ್ತು. ಆದರೆ ಈಗಲೂ ಸುಮಾರು ಮೂರರಲ್ಲಿ ಒಬ್ಬರು ತಮಿಳುನಾಡಿನವರು. ಯುವ ಗ್ರಾಂಡ್‌ಮಾಸ್ಟರ್‌ಗಳಾದ ಪ್ರಜ್ಞಾನಂದ, ಗುಕೇಶ್ ಇಬ್ಬರೂ ಚೆನ್ನೈನ ವೇಲಮ್ಮಾಳ್ ಶಾಲೆಯಲ್ಲಿ ಓದಿದವರು. 2020ರಲ್ಲಿ ಆನಂದ್ ಹಿರಿತನದಲ್ಲಿ ಶುರುವಾದ ಅಕಾಡೆಮಿಯಲ್ಲಿ ಇಬ್ಬರೂ ಪಳಗಿದರು. 2022ರಲ್ಲಿ ಯುದ್ಧದ ಕಾರಣ ರಷ್ಯಾದಿಂದ ಒಲಿಂಪಿಯಾಡ್ ಕೈತಪ್ಪಿದಾಗ ಕೆಲವೇ ತಿಂಗಳಲ್ಲಿ ಅದನ್ನು ಮಾಮಲ್ಲಪುರಂನಲ್ಲಿ ನಡೆಸಿ ತೋರಿಸುವ ಧೈರ್ಯ ಬಂದದ್ದೂ ತಮಿಳುನಾಡಿಗೇ. ಗುಕೇಶ್ 12 ವರ್ಷ 7 ತಿಂಗಳ ವಯಸ್ಸಿನಲ್ಲಿ, 2019ರ ಜನವರಿಯಲ್ಲಿ, ಪದವಿ ಪೂರ್ತಿ ಮಾಡಿದ್ದು ದೆಹಲಿಯ ಟೂರ್ನಿಯಲ್ಲಿ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದಾಗ ಅವನಿಗೂ 18 ವರ್ಷ. ಆನಂದ್ ಗ್ರಾಂಡ್‌ಮಾಸ್ಟರ್ ಆದ ವಯಸ್ಸಿಗೆ ಗುಕೇಶ್ ವಿಶ್ವ ಚಾಂಪಿಯನ್. ಈ ಎರಡು ಹದಿನೆಂಟುಗಳ ನಡುವೆ ಇರುವುದು ಮೂವತ್ತಾರು ವರ್ಷಗಳ ಕಟ್ಟಡ ಕೆಲಸ.

ಇನ್ನು ನಮ್ಮ ಮನೆಯ ವಿಷಯ. ಮಾನಸೋಲ್ಲಾಸದ ನಾಡು, ಮುಮ್ಮಡಿಯವರ ಕುದುರೆ ನಡೆಗಳ ನಾಡು ತನ್ನ ಮೊದಲ ಗ್ರಾಂಡ್‌ಮಾಸ್ಟರನ್ನು ಕಂಡದ್ದು 2017ರಲ್ಲಿ, ಆನಂದ್ ಪದವಿ ಪಡೆದು 29 ವರ್ಷದ ಮೇಲೆ. ಅವರು ಎಂ.ಎಸ್. ತೇಜ್‌ಕುಮಾರ್, ರೈಲ್ವೆ ಉದ್ಯೋಗಿ, ಊರು ಮೈಸೂರೇ. ಅರಮನೆಯ ಊರಿನಿಂದ ಬಂದ ಕಾರಣ ಇದನ್ನು ಪರಂಪರೆ ಮರುಹುಟ್ಟು ಪಡೆದ ಕಥೆಯಾಗಿ ಹೇಳುವ ಆಸೆ ಯಾರಿಗಾದರೂ ಆಗಬಹುದು. ದಯವಿಟ್ಟು ಹಾಗೆ ಹೇಳಬೇಡಿ. ಅವರ ಬೆನ್ನಿಗೆ ನಿಂತದ್ದು ಕ್ರೀಡಾಪಟುಗಳಿಗೆ ಕೆಲಸ ಕೊಡುವ ರೈಲ್ವೆ. ಮದ್ರಾಸಿನಿಂದ ರೈಲಿನಲ್ಲಿ ಆರೇಳು ಗಂಟೆ ದೂರದ ಬೆಂಗಳೂರಿಗೆ ಆ ಏರ್ಪಾಟು ಬರಲು ಮೂರು ದಶಕ ಏಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಕರ್ನಾಟಕದ ಕ್ರೀಡಾ ಚರಿತ್ರೆ ಬರೆಯುವವರು ಕೈಗೆತ್ತಿಕೊಳ್ಳಬೇಕು. ಸೋವಿಯತ್ ಪುಸ್ತಕಗಳು ನವಕರ್ನಾಟಕ ಮಳಿಗೆಗಳ ಮೂಲಕ ನಮ್ಮಲ್ಲಿಗೂ ಬರುತ್ತಿದ್ದವು, ಓದುವ ಹುಡುಗರೂ ಇದ್ದರು, ಕಾರ್ಖಾನೆಗಳಿದ್ದವು, ಬ್ಯಾಂಕುಗಳ ತವರೇ ನಮ್ಮ ಕರಾವಳಿ. ಹೊರದೇಶದ ಗ್ರಾಂಡ್‌ಮಾಸ್ಟರ್‌ಗಳನ್ನು ಕರೆಸಿ ಹತ್ತು ದಿನ ಕೂರಿಸಿ ಆಡಿಸಿದ ಒಬ್ಬ ಮಹಾಲಿಂಗಂ, ದಿನಾ ಸಂಜೆ ಬಾಗಿಲು ತೆರೆದ ಒಬ್ಬ ಆರನ್ ಆ ಕಾಲದಲ್ಲಿ ಇಲ್ಲಿ ಕಾಣುವುದಿಲ್ಲ. ತೇಜ್‌ಕುಮಾರ್ ನಂತರ ಜಿ.ಎ. ಸ್ಟಾನಿ, ಮೈಸೂರಿನವರೇ ಆದ ಗಿರೀಶ್ ಕೌಶಿಕ್ ಬಂದರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಭಾರತದ 76ನೇ ಗ್ರಾಂಡ್‌ಮಾಸ್ಟರ್ ಆದ. ಅವನ ರೇಟಿಂಗ್ 2500 ದಾಟಿದ್ದು ರುಮೇನಿಯಾದ ಮಾಮಾಯಾ ಎಂಬ ಕಡಲ ತೀರದ ಊರಿನಲ್ಲಿ.